ಟೈಲರಮ್ಮನಿಗೆ ಹಸಿವಾಯಿತು

"ಮೇಡಂ, ಮೊನ್ನೆ ಬೆಳಿಗ್ಗೆ ಎದ್ದ ತಕ್ಷಣ ಹಸಿವಾಯ್ತು!" ಟೈಲರಮ್ಮ ಕುರ್ಚಿಯ ತುದಿಗೆ ಸರಿದು ಹೇಳಿದಳು. "ನಿಜವಾದ ಹಸಿವು. ಹೊಟ್ಟೆ ಚುರುಗುಟ್ತಿತ್ತು. ಹಲ್ಲುಜ್ಜೋಕೂ ತಾಳ್ಮೆ ಇರ್ಲಿಲ್ಲ ನೋಡಿ."

ಮನಸ್ಸಿನ ಕಾಯಿಲೆಯವರನ್ನು ಮಾತಿನಿಂದ ಸಂಭಾಳಿಸುವ ಆಪ್ತಸಮಾಲೋಚಕಿ ಇಂಥ ಸುದ್ದಿ ಕೇಳಿದರೆ ಹಿಗ್ಗಬೇಕು. ನಮ್ಮ ಮೇಡಂ ಕೂಡ ಹಿಗ್ಗಿದವರ ಹಾಗೆ ತಲೆಯಾಡಿಸಿದರು. ಒಳಗೆ ಮಾತ್ರ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ವಿಷಯ ಇಷ್ಟೇ. ಟೈಲರಮ್ಮನಿಗಿದ್ದ ಖಿನ್ನತೆಯೇ ಮೇಡಂಗೂ ಇತ್ತು, ಅದೂ ಎಷ್ಟೋ ವರ್ಷಗಳಿಂದ. ಇಬ್ಬರೂ ನುಂಗುತ್ತಿದ್ದದ್ದು ಒಂದೇ ಮಾತ್ರೆ. ಮೇಡಂ ಗಡಿಯಾರ ನೋಡಿ ಊಟಕ್ಕೆ ಕೂರುತ್ತಿದ್ದರು, ತಟ್ಟೆ ಖಾಲಿಯಾದರೆ ಊಟ ಮುಗಿಯಿತೆಂದು ತಿಳಿಯುತ್ತಿದ್ದರು. ಹಸಿವು ಎಂದರೇನೆಂಬುದೇ ಮರೆತುಹೋಗಿತ್ತು. ನಿನ್ನೆ ಮೊನ್ನೆ ಬಂದ ಈ ಟೈಲರಮ್ಮ, ಮೇಡಂ ಹೇಳಿಕೊಟ್ಟ ಉಪಾಯಗಳಿಂದಲೇ ಅದನ್ನು ವಾಪಸ್ ಗಿಟ್ಟಿಸಿಕೊಂಡು ಕಣ್ಣೆದುರು ಮಿಂಚುತ್ತಿದ್ದಳು.

"ಇನ್ನು ಬರೋದು ನಿಲ್ಲಿಸಬಹುದಾ ಮೇಡಂ? ಸ್ಕೂಲ್ ಮಕ್ಕಳ ಯೂನಿಫಾರ್ಮ್ ಆರ್ಡರ್ ಬಂದಿದೆ."

"ಸ್ವಲ್ಪ ಹುಷಾರಾಗಿರೋಣ," ಎಂದರು ಮೇಡಂ. ದನಿ ಬೆಣ್ಣೆಯಷ್ಟು ಮೆತ್ತಗಿತ್ತು. "ಕೆಲವರಿಗೆ ಮತ್ತೆ ಕುಸಿಯೋ ಮುಂಚೆ ಹೀಗೇ ಎಲ್ಲಾ ಸರಿಹೋದ ಹಾಗೆ ಅನ್ಸುತ್ತೆ."

ಪೂರ್ತಿ ಸುಳ್ಳಾದರೆ ಯಾರಾದರೂ ಹಿಡಿಯಬಹುದಿತ್ತು. ಇದು ಅರ್ಧ ನಿಜ, ಅದಕ್ಕೇ ಕೆಟ್ಟದ್ದು. ಟೈಲರಮ್ಮನ ಮುಖ ಬಾಡಿತು. ಅದನ್ನು ಕಂಡು ಮೇಡಂಗೆ ಒಂದು ಗಳಿಗೆ ಹಾಯೆನಿಸಿತು ಎಂಬುದನ್ನೂ ಹೇಳಿಬಿಡಬೇಕು.

ಮನೆಯಲ್ಲಿ ಗಂಡ ಎಂದಿನಂತೆ ಮಾತ್ರೆ, ನೀರು ಹಿಡಿದು ನಿಂತಿದ್ದ. "ತಗೋ ಡಾಕ್ಟ್ರಮ್ಮ. ಯಾಕೆ ಮುಖ ಊದಿದೆ?"

"ಒಬ್ಬಳಿಗೆ ಗುಣ ಆಗ್ತಿದೆ."

"ಒಳ್ಳೇದೇ ಆಯ್ತಲ್ಲ!"

"ಅವಳು ನನಗಿಂತ ಎಷ್ಟು ಜೂನಿಯರ್ ಗೊತ್ತಾ?"

ಗಂಡ ಬಿದ್ದು ಬಿದ್ದು ನಕ್ಕ. "ಕಾಯಿಲೆಯಲ್ಲೂ ಸೀನಿಯಾರಿಟಿ ನೋಡ್ತಾರೇನೇ?"

ಮೇಡಂ ಮಾತ್ರೆ ನುಂಗಿ ಲೋಟ ವಾಪಸ್ ಕೊಟ್ಟರು.

ಈ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ತಾನು ನೋಡುವವರ ಬಗ್ಗೆ ಹಿರಿಯರೊಬ್ಬರ ಮುಂದೆ ಕೂತು ಎಲ್ಲವನ್ನೂ ಹೇಳಬೇಕು, ತನ್ನ ಮನಸ್ಸಿಗೆ ಏನಾಯಿತೆಂಬುದನ್ನೂ ಸೇರಿಸಿ. ಎಲ್ಲರೂ ಹಿರಿಯಕ್ಕ ಎಂದು ಕರೆಯುವ ಸಮಾಲೋಚಕಿಯ ಮುಂದೆ ಕೂತು ಮೇಡಂ ಎಲ್ಲ ಹೇಳಿದರು, ತಮ್ಮ ಹೊಟ್ಟೆಕಿಚ್ಚೊಂದನ್ನು ಬಿಟ್ಟು. "ಇನ್ನಷ್ಟು ದಿನ ಬರಲಿ ಅಕ್ಕಾ," ಎಂದರು. ಮೇಡಂ ಕಾಯಿಲೆ ಗೊತ್ತಿದ್ದ ಹಿರಿಯಕ್ಕ, "ಆಗ್ಲಿ ಬಿಡು. ಆ ಸಂಕಟ ಒಳಗಿನಿಂದ ಕಂಡವಳು ನೀನು," ಎಂದು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡ ಜಾಗ ಉರಿಯಿತು.

ಮುಂದಿನ ವಾರ ಟೈಲರಮ್ಮ ಬಂದಾಗ ತಲೆಗೂದಲು ಬಾಚಿರಲಿಲ್ಲ.

"ನೀವು ಹೇಳಿದ್ದೇ ಸರಿ ಮೇಡಂ," ಎಂದಳು. "ಹಸಿವಾದ್ರೆ ಸಾಕು, ಎದೆ ಢವಢವ ಅನ್ನುತ್ತೆ. ಇದು ಅದೇ ಇರಬೇಕು, ಕುಸಿಯೋ ಮುಂಚಿಂದು ಅಂತ. ತಟ್ಟೆ ಮುಂದೆ ಇಟ್ಕೊಂಡು ಸುಮ್ನೆ ಕೂತಿರ್ತೀನಿ. ಯೂನಿಫಾರ್ಮ್ ಬಟ್ಟೆನೂ ವಾಪಸ್ ಕಳಿಸ್ಬಿಟ್ಟೆ. ಅರ್ಧಕ್ಕೆ ಬಿಟ್ರೆ ಮಕ್ಕಳು ಏನು ಹಾಕ್ಕೋಬೇಕು?"

ಈಗಲೂ ಮೇಡಂ ಬಾಯಿಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೈಲರಮ್ಮ ಇನ್ನೂ ವರ್ಷಗಟ್ಟಲೆ ಈ ಕುರ್ಚಿಗೆ ಬರುತ್ತಿದ್ದಳು, ಜೊತೆಗೊಬ್ಬಳು ಇದ್ದ ಹಾಗಾಗುತ್ತಿತ್ತು. ಆ ಯೋಚನೆ ಬಂದದ್ದೇ ಮೇಡಂಗೆ ತಮ್ಮ ಮೇಲೆ ಅಸಹ್ಯ ಹುಟ್ಟಿತು.

"ನಾನು ಹೇಳಿದ್ದು ತಪ್ಪು," ಎಂದರು. "ನಿಮಗೆ ಗುಣವಾಗ್ತಿದೆ. ನಿಮ್ಮ ಕಾಯಿಲೆ ನನಗೂ ಇದೆ, ನಿಮಗಿಂತ ಎಷ್ಟೋ ಮುಂಚಿನಿಂದ. ನಿಮಗೆ ಹಸಿವಾಯ್ತು ಅಂದಾಗ ಹೊಟ್ಟೆಕಿಚ್ಚಾಯ್ತು. ಅದಕ್ಕೇ ಹಾಗಂದೆ."

ಟೈಲರಮ್ಮ ಮಿಕಮಿಕ ನೋಡಿದಳು.

"ಕಾಯಿಲೆ ಇದ್ರೆ ಇರ್ಲಿ ಮೇಡಂ. ಮೊದಲೇ ಗೊತ್ತಾಗಿದ್ರೆ ನಿಮ್ಮನ್ನ ಇನ್ನೂ ನಂಬ್ತಿದ್ದೆ. ಆದ್ರೆ ನನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕಿದ್ರಿ?"

"ಹಿರಿಯಕ್ಕನಿಗೆ ಇವತ್ತೇ ಎಲ್ಲಾ ಹೇಳ್ತೀನಿ. ಇನ್ಮೇಲೆ ಅವರೇ ನಿಮ್ಮನ್ನ..."

"ಈಗ ಗುಣವಾಗ್ತಿದೆ ಅಂತೀರಿ. ಈ ಮಾತನ್ನಾದ್ರೂ ಹೇಗೆ ನಂಬ್ಲಿ?"

ಟೈಲರಮ್ಮ ದಡಕ್ಕನೆ ಎದ್ದಳು.

"ನಾಚಿಕೆ ಆಗ್ಬೇಕು ನಿಮಗೆ! ನನ್ನ ಹೊಟ್ಟೆ ಹಸಿದಿದೆಯೋ ಇಲ್ವೋ ಅಂತ ನಿಮ್ಮನ್ನ ಕೇಳ್ಕೊಂಡು ಕೂತಿದ್ದೆ ನೋಡಿ, ನನಗೂ ಬುದ್ಧಿ ಇಲ್ಲ!"

ಬಾಗಿಲು ಧಡಾರೆಂದು ಬಡಿಯಿತು. ಹೊರಗಿನ ಓಣಿಯಲ್ಲಿ ಫೋನು ಹಚ್ಚಿ ಕೂಗುವುದು ಕೇಳಿಸಿತು. "ಆ ಬಟ್ಟೆ ಬೇರೆಯವರಿಗೆ ಕೊಟ್ಟುಬಿಟ್ರಾ? ಕೊಡಬೇಡಿ! ನಾನೇ ಹೊಲೀತೀನಿ ಅಂದ್ನಲ್ಲ, ನಾನೇ!"

ಮೊದಲ ದಿನ ತನ್ನ ಹೆಸರು ಹೇಳಲೂ ದನಿ ಎತ್ತಲಾರದೆ ಕೂತಿದ್ದವಳು ಇವಳೇ. ಮೇಡಂ ಕಣ್ಣೊರೆಸಿಕೊಂಡು ಹಿರಿಯಕ್ಕನಿಗೆ ಫೋನು ಮಾಡಲು ಕೈಚಾಚಿದರು. ತಪ್ಪಿನ ನೋವು ನಿಜವಾಗಿಯೂ ಇತ್ತು. ಆದರೂ ಓಣಿಯಿಂದ ಬರುತ್ತಿದ್ದ ಆ ಗಟ್ಟಿ ಸಿಟ್ಟನ್ನು ಕೇಳುತ್ತ ಕೇಳುತ್ತ, ಅಂಥ ಸಿಟ್ಟು ತಮಗೆ ಕಡೇ ಬಾರಿ ಯಾವಾಗ ಬಂದಿತ್ತೆಂದು ನೆನಪಾಗದೆ, ಮೇಡಂಗೆ ಅದರ ಮೇಲೂ ಹೊಟ್ಟೆ ಉರಿಯಿತು.