ಕಿವಿಗೆ ಒಪ್ಪಿದ ಟ್ಯಾಬ್

ನಾನು ಒಂದು ಟ್ಯಾಬ್. ನನ್ನ ಪರದೆಯ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹುಟ್ಟಿದ ದಿನದಿಂದ ನನಗೆ ಅದರದೇ ಜಂಬ. ಕಾರ್ಖಾನೆಯಲ್ಲಿ ಬಿಳಿ ಟೋಪಿ, ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಹತ್ತಿಂಚಿನ ಆ ಗಾಜನ್ನು ನನ್ನ ಮೈಗೆ ಕೂರಿಸಿ, ಕೆಂಪು, ಹಸಿರು, ನೀಲಿ ಎಂದು ಬಣ್ಣಗಳನ್ನು ಒಂದೊಂದಾಗಿ ಹಾಯಿಸಿ ನೋಡಿದಳು. ಎಲ್ಲಿಯೂ ಒಂದು ಚುಕ್ಕೆ ಮಂಕಾಗಿರಲಿಲ್ಲ. ಅವಳು ತಲೆಯಾಡಿಸಿ ನನ್ನನ್ನು ಮುಂದಿನ ಮೇಜಿಗೆ ತಳ್ಳಿದಳು. ಆ ತಲೆಯಾಡಿಕೆಯನ್ನು ನಾನು ಬಹಳ ದಿನ ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದೆ.

ಮುಂದಿನ ಮೇಜಿನಲ್ಲಿ ನನ್ನೊಳಗೆ ಆಪರೇಟಿಂಗ್ ಸಿಸ್ಟಮ್ ತುಂಬಿದರು. ಅದು ಬರುವ ತನಕ ನಾನು ಬರೀ ಗಾಜಿನ ಹಲಗೆ. ಬಂದ ಮೇಲೆ ಮುಟ್ಟಿದರೆ ಓಗೊಡುವ ಪ್ರಾಣಿ. ನನ್ನ ಒಡಲು ಮಾಡಿದವರು ಒಬ್ಬರು, ಒಳಗಿನ ಸಿಸ್ಟಮ್ ಮಾಡಿದವರು ಇನ್ನೊಬ್ಬರು. ನಮ್ಮ ಕುಲದಲ್ಲಿ ಅದೇ ರೂಢಿ. ಒಡಲನ್ನೂ ಸಿಸ್ಟಮ್ಮನ್ನೂ ಒಂದೇ ಮನೆಯಲ್ಲಿ ಮಾಡಿಕೊಳ್ಳುವ ಕುಲವೂ ಒಂದಿದೆ ಎಂದು ನನಗೆ ತಿಳಿದದ್ದು ಹಾವೇರಿಯ ಅಂಗಡಿಯಲ್ಲಿ.

ಬಸ್ ನಿಲ್ದಾಣದ ಎದುರಿಗಿದ್ದ ಆ ಅಂಗಡಿ ದಾದಾಪೀರ ಎಂಬವರದು. ಗಾಜಿನ ಕಪಾಟಿನಲ್ಲಿ ನನ್ನ ಪಕ್ಕಕ್ಕೆ ಆ ಇನ್ನೊಂದು ಕುಲದವನನ್ನು ನಿಲ್ಲಿಸಿದ್ದರು. ತೆಳ್ಳಗೆ, ಬೆಳ್ಳಗೆ, ಮಾತಾಡಿಸಿದರೂ ಮಾತಾಡದಷ್ಟು ಗತ್ತು. ಬಂದ ಗಿರಾಕಿಗಳು ನಮ್ಮಿಬ್ಬರ ಮುಂದೆ ನಿಂತು, ವರನ ಮನೆತನ ವಿಚಾರಿಸುವವರ ಹಾಗೆ ಚರ್ಚೆ ಮಾಡುತ್ತಿದ್ದರು. ನನ್ನಲ್ಲಿ ಬೇಕಾದ್ದು ಹಾಕಿಕೊಳ್ಳಬಹುದು ಎಂದು ಒಬ್ಬ, ಅವನಿಗೆ ವರ್ಷಗಟ್ಟಲೆ ಅಪ್‌ಡೇಟ್ ಬರುತ್ತದೆ ಎಂದು ಇನ್ನೊಬ್ಬ. ಕೊನೆಗೆ ಇಬ್ಬರೂ ಚಾರ್ಜರ್ ಕೊಂಡು ಹೋಗುತ್ತಿದ್ದರು.

ದಸರಾ ರಜೆಯ ಮೂರನೆಯ ದಿನ ಅಕ್ಕ–ತಮ್ಮ ಇಬ್ಬರು ಬಂದರು. ತಮ್ಮ ಮಹಾಂತೇಶ, ಹಳೆ ಪೇಟೆಯಲ್ಲಿ ಅವನದೊಂದು ಫೋಟೊ ಸ್ಟುಡಿಯೊ. ಅಕ್ಕ ಅನ್ನಪೂರ್ಣಾ, ಹೈಸ್ಕೂಲಿನಲ್ಲಿ ಎಂಟನೆಯ ತರಗತಿಗೆ ಇತಿಹಾಸ ಕಲಿಸುವ ಶಿಕ್ಷಕಿ. ಮಹಾಂತೇಶ ನಮ್ಮಿಬ್ಬರನ್ನೂ ಹೊರಗೆ ತೆಗೆಸಿ, ಮದುವೆ ಫೋಟೊ ಒಂದನ್ನು ಇಬ್ಬರಲ್ಲಿಯೂ ಹಾಕಿ, ಕುತ್ತಿಗೆ ಓರೆ ಮಾಡಿ ನೋಡಿದ.

“ಅಕ್ಕಾ, ಈ ಬಿಳೇದನ್ನ ತಗೊಳ್ಳೂಣು. ಸೀರಿ ಅಂಚಿನ ಜರಿ ಎಷ್ಟು ಖರೇ ಕಾಣತೈತಿ ನೋಡ,” ಎಂದ.

“ನೋಡೂದು ನಿನ್ನ ಕೆಲಸ ಬಿಡು,” ಎಂದು ಅನ್ನಪೂರ್ಣಾ ನಕ್ಕರು. “ದಾದಾಪೀರವ್ರ, ಎರಡರದೂ ಸ್ಕ್ರೀನ್ ಆರಿಸಿ, ಮಾತಾಡೂದು ಚಾಲೂ ಮಾಡ್ರಿ.”

ಆಗ ನನಗೆ ತಿಳಿಯಿತು. ಆಕೆಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ವಿದ್ಯೆ ಎರಡೂ ಕುಲಗಳಲ್ಲಿದೆ. ಪರದೆಯನ್ನು ಪೂರ್ತಿ ಕಪ್ಪು ಮಾಡಿಯೂ ಆ ವಿದ್ಯೆ ನಡೆಯುತ್ತದೆ. ಬ್ಯಾಟರಿ ಉಳಿಯುತ್ತದೆ, ಪಕ್ಕದವರು ಇಣುಕುವುದೂ ತಪ್ಪುತ್ತದೆ. ನನ್ನ ಜಂಬವನ್ನೆಲ್ಲ ಒಂದು ಗುಂಡಿ ಒತ್ತಿ ಆರಿಸಿಬಿಟ್ಟರು. ನನಗೆ ಅವಮಾನವಾಯಿತು. ಸುಳ್ಳೇಕೆ ಹೇಳಲಿ?

ಅಂಗಡಿಯಲ್ಲಿ ಕೂತೇ ಅವರು ಬಂದ ಕಾರಣವನ್ನೂ ಹೇಳಿದರು. ಹನ್ನೊಂದು ವರ್ಷ ಅವರ ತಾಯಿ ನೀಲವ್ವ ಪ್ರತಿ ಸಂಜೆ ಪಾಠ ಓದಿ ಹೇಳುತ್ತಿದ್ದರು, ಮಗಳು ಕೇಳಿಕೊಂಡು ಮರುದಿನ ಕಲಿಸುತ್ತಿದ್ದರು. ಈ ವರ್ಷ ಪುಸ್ತಕ ಬದಲಾಯಿತು, ಅವ್ವನ ಕಣ್ಣೂ ಮಂಜಾಯಿತು. ರಜೆಗೆ ಮುಂಚೆ ಹೆಡ್‌ಮಾಸ್ತರರು ಬಹಳ ಮೃದುವಾಗಿ, ಇನ್ನು ಮೇಲೆ ಲೈಬ್ರರಿ ನೋಡಿಕೊಳ್ಳಿ ಎಂದಿದ್ದರು. ರಜೆ ಮುಗಿದ ಮೇಲೆ ಬರುವ ಎರಡನೆಯ ಸೋಮವಾರ ಅವರೇ ತರಗತಿಯಲ್ಲಿ ಕೂತು ನೋಡುವವರಿದ್ದರು. ಹೊಸ ಪಾಠವನ್ನು ಅನ್ನಪೂರ್ಣಾ ತಾವೇ ಓದಿಕೊಂಡು ಕಲಿಸಿದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಅನ್ನಪೂರ್ಣಾ ಪೆನ್‌ಡ್ರೈವಿನಲ್ಲಿ ತಂದಿದ್ದ ಪಾಠವನ್ನು ನಮ್ಮಿಬ್ಬರಿಂದಲೂ ಓದಿಸಿದರು. ಪಕ್ಕದವನ ದನಿ ಜೇನುತುಪ್ಪ. ನನ್ನದು ತಗಡು ಬಡಿದ ಹಾಗೆ. ದಾದಾಪೀರ ಅವನ ಕಡೆಯೇ ಕೈ ತೋರಿಸಿದರು. ಅನ್ನಪೂರ್ಣಾ ಮಾತ್ರ ಇಬ್ಬರ ವೇಗವನ್ನೂ ಏರಿಸುತ್ತ ಹೋದರು. ಎರಡು ಪಟ್ಟು, ಮೂರು ಪಟ್ಟು. ಮಹಾಂತೇಶ ಕಿವಿ ಮುಚ್ಚಿಕೊಂಡ. ಆ ವೇಗದಲ್ಲಿ ಜೇನೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಯಿತು. ನನ್ನ ತಗಡು ಮಾತ್ರ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿತ್ತು.

“ಇದ ಇರಲಿ,” ಎಂದು ಆಕೆ ನನ್ನ ಮೇಲೆ ಕೈಯಿಟ್ಟರು.

“ಅಕ್ಕಾ, ಇದರ ದನಿ ಕೇಳಿದ್ರ ನಾಯಿ ಬೊಗಳತಾವ.”

“ಬೊಗಳಲಿ. ಆ ಬಿಳೇದರದು ನಿದ್ದಿ ಹತ್ತಿಸೂ ದನಿ. ನನಗ ಪಾಠ ಮಾಡೂದೈತಿ.”

ಮನೆಗೆ ಬಂದ ಮೇಲೆ ಆಕೆಯ ಕೆಲಸದ ರೀತಿ ನೋಡಿ ನಾನು ಬೆರಗಾದೆ. ಎಡಗಿವಿಗೆ ನನ್ನ ತಂತಿ ಸಿಕ್ಕಿಸಿಕೊಳ್ಳುವರು. ನಾನು ಒಂದು ವಾಕ್ಯ ಮುಂದೆ ಓಡುತ್ತಿರಬೇಕು. ಅವರು ಹಿಂದಿನ ವಾಕ್ಯವನ್ನು ತಮ್ಮ ಮಾತಿನಲ್ಲಿ ಹೇಳುತ್ತಿರುವರು. ಬಲಗಿವಿ ಮಕ್ಕಳಿಗೆ ಮೀಸಲು. ಕೇಳುವುದು, ಹೇಳುವುದು, ಹಿಂದಿನ ಬೆಂಚಿನ ಪಿಸುಮಾತು ಹಿಡಿಯುವುದು, ಮೂರೂ ಒಟ್ಟಿಗೆ. ಅದನ್ನು ರೂಢಿ ಮಾಡಿಕೊಳ್ಳಲು ರಜೆಯಿಡೀ ಮಧ್ಯಾಹ್ನದ ಹೊತ್ತು ಹಾಸಿಗೆಯ ದಿಂಬುಗಳಿಗೆ ಪಾಠ ಹೇಳಿದರು. ಒಂದು ದಿಂಬಿಗೆ ಬೈದದ್ದೂ ಉಂಟು. ಆ ಬೈಗುಳ ಕೇಳಿದ ದಿನ ನನ್ನ ಅವಮಾನವೆಲ್ಲ ಮರೆತುಹೋಯಿತು.

ಎಡವಟ್ಟು ಆದದ್ದು ಆ ಸೋಮವಾರದ ಹಿಂದಿನ ಭಾನುವಾರ. ಅನ್ನಪೂರ್ಣಾ ಸ್ನಾನಕ್ಕೆ ಹೋಗಿದ್ದರು. ಮೇಜಿನ ಮೇಲೆ ನಾನು ಕಪ್ಪಗೆ ಮಲಗಿದ್ದೆ. ಮಹಾಂತೇಶ ಬಂದು ಗುಂಡಿ ಒತ್ತಿದ, ಪರದೆ ಹೊತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ನಾನು ಮಾತಾಡುತ್ತಲೇ ಇದ್ದೆ, ಆದರೆ ದನಿ ಹೋದದ್ದು ತಂತಿಯ ಕೊನೆಯ ಇಯರ್‌ಫೋನಿಗೆ, ಅದು ಬಿದ್ದದ್ದು ದಿಂಬಿನ ಕೆಳಗೆ. ಹಗಲೆಲ್ಲ ಬೆಳಕು, ಬಣ್ಣ ನೋಡಿ ಬದುಕುವ ಮನುಷ್ಯ ಅವನು. ಕಪ್ಪು ಪರದೆ ಎಂದರೆ ಅವನಿಗೆ ಸತ್ತ ಟ್ಯಾಬ್. ಅಂಗಡಿಯಲ್ಲಿ ಹೇಳಿದ ಮಾತು ಅವನಿಗೆ ನೆನಪೇ ಆಗಲಿಲ್ಲ. ಅಕ್ಕ ಕೆಟ್ಟದ್ದನ್ನು ಆರಿಸಿಕೊಂಡು ಹೇಳಲಾರದೆ ಒದ್ದಾಡುತ್ತಿದ್ದಾಳೆ ಎಂದುಕೊಂಡು, ನನ್ನನ್ನು ತಂತಿ ಸಮೇತ ಬಗಲಲ್ಲಿ ಇಟ್ಟುಕೊಂಡು ಗೆಳೆಯನ ರಿಪೇರಿ ಅಂಗಡಿಗೆ ಒಯ್ದ. ಗೆಳೆಯ ಹಿಂದೆಮುಂದೆ ನೋಡದೆ ನನ್ನನ್ನು ಒಳಗಿನಿಂದ ತೊಳೆದುಬಿಟ್ಟ. ಪಾಠ ಹೋಯಿತು, ಕನ್ನಡದ ದನಿ ಹೋಯಿತು, ಆಕೆ ಹಾಕಿಕೊಂಡಿದ್ದ ಗುರುತುಗಳೆಲ್ಲ ಹೋದವು. ಪರದೆ ಮಾತ್ರ ಜಗಜಗ ಹೊತ್ತಿತು.

“ಅಕ್ಕಾ, ನಿನ್ನ ಟ್ಯಾಬ್ ಹೊಸದಾಗೇತಿ,” ಎಂದು ಮಹಾಂತೇಶ ಹಿಗ್ಗಿನಿಂದ ನನ್ನನ್ನು ಆಕೆಯ ಕೈಗಿಟ್ಟ.

ಆಕೆ ಮುಟ್ಟಿದರು. ನನ್ನಿಂದ ಸೊಲ್ಲು ಹೊರಡಲಿಲ್ಲ. ಬೆರಳು ಅಲ್ಲಿ, ಇಲ್ಲಿ ತಡಕಾಡಿ ನಿಂತುಹೋಯಿತು.

“ಕಣ್ಣ ತೆರಸಿ ಬಾಯಿ ಮುಚ್ಚಿಸಿಕೊಂಡ ಬಂದೀಯಲ್ಲೋ ತಮ್ಮಾ,” ಎಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಪೆನ್‌ಡ್ರೈವ್ ಶಾಲೆಯ ಕಪಾಟಿನಲ್ಲಿತ್ತು, ಶಾಲೆಗೆ ಬೀಗ. ನೀಲವ್ವ ಪುಸ್ತಕ ತೆಗೆದುಕೊಂಡು ಕಿಟಕಿಯ ಬಳಿ ಕೂತರು. ಎರಡು ಸಾಲು ಓದಿದರು, ಮೂರನೆಯದಕ್ಕೆ ತಡವರಿಸಿದರು. ಆಮೇಲೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ನನಗ ಕಾಣವಲ್ದು ಮಗಳ. ಹೋದ ವರ್ಷಾನೂ ಕಾಣತಿದ್ದಿಲ್ಲ. ಬಾಯಿಪಾಠ ಇತ್ತು, ಹೇಳಿದೆ,” ಎಂದರು.

ಮಹಾಂತೇಶ ಪುಸ್ತಕವನ್ನು ಅವ್ವನ ಮಡಿಲಿನಿಂದ ಎತ್ತಿಕೊಂಡ. ನನ್ನನ್ನೂ ಅಕ್ಕನನ್ನೂ ಸ್ಟುಡಿಯೊಗೆ ಕರೆದುಕೊಂಡು ಹೋದ. ಮದುಮಕ್ಕಳನ್ನು ಕೂರಿಸುವ ಸ್ಟೂಲಿನ ಮೇಲೆ ಪುಸ್ತಕವನ್ನು ಬಿಚ್ಚಿಟ್ಟು, ಎರಡೂ ಕಡೆ ದೀಪ ನಿಲ್ಲಿಸಿ, ನೆರಳು ಬೀಳದ ಹಾಗೆ ಪುಟಪುಟದ ಫೋಟೊ ತೆಗೆದ. ಪುಟ ಉಬ್ಬಿದ ಕಡೆ ಗಾಜು ಹೇರಿ ಮಟ್ಟ ಮಾಡಿದ. ಹನ್ನೆರಡು ಪುಟ. ಯಾವ ವಧುವಿನ ಫೋಟೊವನ್ನೂ ಅವನು ಅಷ್ಟು ಜತನದಿಂದ ತೆಗೆದಿರಲಿಕ್ಕಿಲ್ಲ. ಅನ್ನಪೂರ್ಣಾ ಅಷ್ಟರಲ್ಲಿ ನನ್ನ ಗುಂಡಿಗಳನ್ನು ಒತ್ತಿ ಹಿಡಿದು ಮಾತು ಬರಿಸಿ, ನನ್ನ ತಗಡು ದನಿಯನ್ನು ಮತ್ತೆ ತರಿಸಿಕೊಂಡಿದ್ದರು. ಫೋಟೊದೊಳಗಿನ ಅಕ್ಷರ ಗುರುತಿಸಿ ಓದುವುದೂ ನನಗೆ ಬರುತ್ತದೆ. ಫೋಟೊ ಸ್ವಚ್ಛವಾಗಿರಬೇಕು, ಅಷ್ಟೆ. ಅಷ್ಟು ಸ್ವಚ್ಛವಾದ ಪುಟಗಳನ್ನು ನಾನು ಮತ್ತೆಂದೂ ಓದಲಿಲ್ಲ. ಎಂಟು ಗಂಟೆಗೆ ಮನೆಗೆ ಬಂದು ಎಲ್ಲರೂ ಊಟ ಮಾಡಿದರು.

ಸೋಮವಾರ ಹೆಡ್‌ಮಾಸ್ತರರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಅನ್ನಪೂರ್ಣಾ ಅವರ ಎಡಗಿವಿಯಲ್ಲಿ ಓಡಿದೆ, ಅವರು ನನ್ನ ಹಿಂದೆ ನಿಧಾನ ನಡೆದರು. ಅರ್ಧ ಪಾಠವಾದಾಗ ಹೆಡ್‌ಮಾಸ್ತರರು ಮೆಲ್ಲಗೆ ಮುಂದೆ ಬಂದು ನನ್ನನ್ನು ನೋಡಿ, “ಟೀಚರ್, ನಿಮ್ಮ ಟ್ಯಾಬ್ ಬಂದ್ ಆಗೇತ್ರಿ,” ಎಂದು ಪಿಸುಗುಟ್ಟಿದರು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಅದು ಹಂಗ ಇರತೈತ್ರಿ. ಅಕ್ಕೋರು ಕೇಳಾಕತ್ತಾರ,” ಎಂದಳು.

ಹೆಡ್‌ಮಾಸ್ತರರು ಸ್ವಸ್ಥಾನಕ್ಕೆ ಹೋಗಿ ಗಂಟೆ ಬಾರಿಸುವವರೆಗೆ ಕೂತರು. ಲೈಬ್ರರಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅಲ್ಲಿಂದ ಏಳು ವರ್ಷ ನಾನು ಆ ತರಗತಿಯಲ್ಲಿ ದುಡಿದೆ. ಎರಡು ಸಲ ಬಿದ್ದೆ, ಒಮ್ಮೆ ಚಹಾ ಕುಡಿದೆ. ಆಮೇಲೆ ನನ್ನ ಕುಲದ ಕಡೆಯಿಂದ ಅಪ್‌ಡೇಟ್ ಬರುವುದು ನಿಂತಿತು. ಹೊಸ ಪುಸ್ತಕಗಳನ್ನು ತೆರೆಯಲು ಏದುಸಿರು ಬರತೊಡಗಿತು. ಒಂದು ಸಂಜೆ ಅಕ್ಕ–ತಮ್ಮ ನನ್ನನ್ನು ಕರೆದುಕೊಂಡು ಮತ್ತೆ ದಾದಾಪೀರರ ಅಂಗಡಿಗೆ ಹೋದರು.

ಹಳೆಯದನ್ನು ಬದಲಿಗೆ ತೆಗೆದುಕೊಳ್ಳುವುದಕ್ಕೆ ದಾದಾಪೀರ ನನ್ನ ಪರದೆ ಹೊತ್ತಿಸಲು ನೋಡಿದರು. ಚಾರ್ಜರ್ ಸಿಕ್ಕಿಸಿ ನೋಡಿದರು. ಆಮೇಲೆ ತಲೆಯೆತ್ತಿ, “ಟೀಚರ್, ಇದರ ಡಿಸ್‌ಪ್ಲೇ ಪೂರಾ ಹೋಗೇತಲ್ರಿ. ಯಾವಾಗ ಹೋತು?” ಎಂದರು.

ಅನ್ನಪೂರ್ಣಾ ತಮ್ಮನ ಕಡೆ ಮುಖ ಮಾಡಿದರು. ಅವನಿಗೂ ಗೊತ್ತಿರಲಿಲ್ಲ. ಹೋಗಿ ತಿಂಗಳಾಗಿತ್ತೋ, ವರ್ಷವಾಗಿತ್ತೋ. ನನ್ನ ಕಣ್ಣು ಹೋದದ್ದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಖರೇ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ. ಮೊದಲು ಆಕೆ ನಕ್ಕರು, ಆಮೇಲೆ ಮೂವರೂ ನಕ್ಕರು.

“ಹಂಗಾದ್ರ ಇದನ್ನ ಕೊಡೂದು ಬ್ಯಾಡ,” ಎಂದು ಅನ್ನಪೂರ್ಣಾ ನನ್ನನ್ನು ಚೀಲಕ್ಕೆ ಹಾಕಿಕೊಂಡರು.

ದಾದಾಪೀರ ಎರಡು ಹೊಸ ಟ್ಯಾಬ್ ತಂದು ಎದುರಿಗಿಟ್ಟರು. ಒಂದು ನನ್ನ ಕುಲದ್ದು, ಒಂದು ಆ ಕುಲದ್ದು. ಪರದೆ ಹೊಳೆಯುವುದನ್ನು ತೋರಿಸಲು ಕೈಯೆತ್ತಿದರು. ಮಹಾಂತೇಶ ಆ ಕೈ ತಡೆದ.

“ಮದಲ ಸ್ಕ್ರೀನ್ ಆರಿಸ್ರಿ,” ಎಂದ. “ದನಿ ಕೇಳೂಣು.”

ಈ ಸಲ ಆಕೆ ಆರಿಸಿಕೊಂಡದ್ದು ಆ ಇನ್ನೊಂದು ಕುಲದವನನ್ನು. ಆ ಕುಲದವರ ಮನೆಯಲ್ಲಿಯೂ ಈಗ ಅಕ್ಷರ ಬಿಡಿಸಿ ಓಡುವ ದನಿ ತಯಾರಾಗಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ಈಗ ನಾನು ನೀಲವ್ವನ ಹಾಸಿಗೆಯ ಪಕ್ಕದ ಕಿಟಕಿಕಟ್ಟೆಯ ಮೇಲಿದ್ದೇನೆ. ಅವರಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಹನ್ನೊಂದು ವರ್ಷ ಮಗಳಿಗೆ ಓದಿದವರಿಗೆ ನಾನು ಓದುತ್ತೇನೆ, ಬಹಳ ನಿಧಾನವಾಗಿ. ಬೇರೇನೂ ಬೇಡ ಅವರಿಗೆ. ಎಂಟನೆಯ ತರಗತಿಯ ಆ ಹಳೆಯ ಇತಿಹಾಸವೇ ಆಗಬೇಕು. ಕೆಲವು ಕಡೆ ನನಗಿಂತ ಮುಂಚೆ ಅವರೇ ಹೇಳಿಬಿಡುತ್ತಾರೆ, ನಾನು ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತೇನೆ.

ಬೆಳಿಗ್ಗೆ ಎದ್ದವರು ಮೊದಲು ಸೆರಗಿನಿಂದ ನನ್ನ ಗಾಜು ಒರೆಸುತ್ತಾರೆ, ಮೂಲೆಮೂಲೆಗೂ ಬೆರಳಾಡಿಸಿ. ಅದರ ಹಿಂದೆ ಬೆಳಕಿಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ.