ಬಿಸಿ ಕಲ್ಲಿನ ಭಾನುವಾರ

ಆ ಬಳಗದಲ್ಲಿ ದೇವರನ್ನು ನಂಬುವವರಿಗೂ ಕುರ್ಚಿಯಿತ್ತು, ನಂಬದವರಿಗೂ ಕುರ್ಚಿಯಿತ್ತು. ಇಲ್ಲದ್ದೆಂದರೆ ಟೈಲರಕ್ಕನಿಗೆ ಮಾತಾಡಲು ಸಮಯ, ಅಷ್ಟೆ.

ಪ್ರತಿ ಭಾನುವಾರ ಬೆಳಿಗ್ಗೆ ನೃತ್ಯಶಾಲೆಯ ಮಹಡಿಯಲ್ಲಿ, ಗೋಡೆಯುದ್ದದ ಕನ್ನಡಿಯೆದುರು ಹನ್ನೆರಡು ಕುರ್ಚಿಗಳನ್ನು ದುಂಡಗೆ ಹಾಕುತ್ತಿದ್ದರು. ಒಬ್ಬರು ವಿಷಯ ಮಂಡಿಸಿದ ಮೇಲೆ ಚರ್ಚೆ. ಚರ್ಚೆಗೊಂದು ನಿಯಮ: ಹೊಳೆಯಲ್ಲಿ ಸಿಕ್ಕಿದ ಮೊಟ್ಟೆಗಾತ್ರದ ನುಣುಪು ಕಲ್ಲೊಂದು ಕೈಯಿಂದ ಕೈಗೆ ಹೋಗಬೇಕು. ಕಲ್ಲು ಹಿಡಿದವರು ಮಾತ್ರ ಮಾತಾಡಬೇಕು, ಉಳಿದವರು ತುಟಿಪಿಟಕ್ಕೆನ್ನಬಾರದು. ನಿಯಮವೇನೋ ಚೆನ್ನಾಗಿಯೇ ಇತ್ತು. ಆದರೆ ಮೊದಲ ಕುರ್ಚಿ ನಿವೃತ್ತ ಮೇಷ್ಟ್ರದು. ಅವರ ಕೈಸೇರಿದ ಕಲ್ಲು ನಲವತ್ತು ನಿಮಿಷ ಅಲ್ಲಾಡುತ್ತಿರಲಿಲ್ಲ. ಬಾಗಿಲ ಬಳಿ ಕೊನೆಯ ಕುರ್ಚಿಯಲ್ಲಿ ಕೂರುವ ಟೈಲರಕ್ಕನವರೆಗೆ ಅದು ಬರುವಷ್ಟರಲ್ಲಿ ನೃತ್ಯ ಕಲಿಯುವ ಮಕ್ಕಳು ಧಡಧಡನೆ ಮೆಟ್ಟಿಲು ಹತ್ತಿ ಬಂದಿರುತ್ತಿದ್ದರು.

ಬೇರೆ ದಿನವಾದರೆ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಈ ಭಾನುವಾರ ಮಾತ್ರ ಆಗದು. ಎದುರು ಕುರ್ಚಿಯಲ್ಲಿ ಕೂರುವುದು ಅವಳ ಒಡಹುಟ್ಟಿದ ತಂಗಿ, ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಬಳಗಕ್ಕೆ ಬರುವುದನ್ನು ಇಬ್ಬರೂ ಬಿಟ್ಟಿರಲಿಲ್ಲ. ಮೊದಲು ಬಿಟ್ಟವಳು ಸೋತ ಹಾಗಲ್ಲವೇ? ಈಗ ತಂಗಿ ಮಂಗಳವಾರ ಮನೆ ಖಾಲಿಮಾಡಿ ಮಗಳ ಊರಿಗೆ ಹೊರಟಿದ್ದಳು. ಮನೆಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಾಳೆ, ಫೋನ್ ಮಾಡಿದರೆ ಇಟ್ಟುಬಿಡುತ್ತಾಳೆ. ಅವಳು ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳಲೇಬೇಕಾದ ಜಾಗ ಲೋಕದಲ್ಲಿ ಇದೊಂದೇ.

ಆ ವಾರ ಚಹಾ ಮಾಡುವ ಪಾಳಿ ಟೈಲರಕ್ಕನದೇ. ಒಳಗೆ ‘ಕ್ಷಮೆಗೆ ದೇವರು ಬೇಕೇ?’ ಎಂದು ಮಂಡನೆ ನಡೆಯುತ್ತಿದ್ದಾಗ ಅವಳು ಕುದಿಯುವ ನೀರಿಗೆ ಕಲ್ಲನ್ನು ಹಾಕಿದಳು. ಇಕ್ಕಳದಲ್ಲಿ ತೆಗೆದು, ಒರೆಸಿ, ತಾನೇ ಮುಟ್ಟಿ ನೋಡಿದಳು. ಬೊಬ್ಬೆ ಏಳುವಷ್ಟು ಬಿಸಿಯಲ್ಲ. ಹಿಡಿದು ಭಾಷಣ ಮಾಡುವುದೂ ಆಗದು. ಟವೆಲ್ಲಿನಲ್ಲಿ ತಂದು ಮೇಷ್ಟ್ರ ಅಂಗೈಗೆ ಭಕ್ತಿಯಿಂದ ಜಾರಿಸಿದಳು.

“ಕ್ಷಮೆ ಅನ್ನೋದನ್ನ ನಾವು ಮೂರು ಹಂತದಲ್ಲಿ...” ಮೇಷ್ಟ್ರು ಕಲ್ಲನ್ನು ಎಡಗೈಗೆ ಹಾಕಿಕೊಂಡರು. “ಮೊದಲ್ನೇ ಹಂತ...” ಮತ್ತೆ ಬಲಗೈಗೆ. “ಒಟ್ಟಿನಲ್ಲಿ ಕ್ಷಮಿಸೋದು ಒಳ್ಳೇದು!” ಎಂದವರೇ ಪಕ್ಕಕ್ಕೆ ದಾಟಿಸಿದರು.

ಬೇರೆಲ್ಲಾದರೂ ಆಗಿದ್ದರೆ ‘ಅಯ್ಯೋ, ಕಲ್ಲು ಬಿಸಿ’ ಎಂದು ಯಾರಾದರೂ ಕೂಗುತ್ತಿದ್ದರು. ಇವರು ಆ ಜಾತಿಯವರಲ್ಲ. ದಿನಾ ಧ್ಯಾನ ಮಾಡುವ ಬೇಕರಿಯಾತ, ಹತ್ತು ವರ್ಷದ ಸಾಧನೆ ಇವತ್ತು ಫಲ ಕೊಟ್ಟಿತೆಂದು ಕಣ್ಣು ತುಂಬಿಕೊಂಡು, “ಬಂತು” ಎಂದಷ್ಟೇ ಹೇಳಿದ. ಪಕ್ಕದಲ್ಲಿದ್ದ ಗಡಿಯಾರ ರಿಪೇರಿಯವನು ಶುದ್ಧ ನಾಸ್ತಿಕ. ಬಿಸಿಯೆಂದು ಒಪ್ಪಿಕೊಂಡರೆ ಬೇಕರಿಯಾತ ಗೆದ್ದಂತೆ ಎಂದು ಹಲ್ಲು ಕಚ್ಚಿ, “ನಂಗೇನೂ ಅನ್ನಿಸ್ತಿಲ್ಲ” ಎಂದ. ನರ್ಸ್ ತಂಗಿ ಮಾತ್ರ ರೋಗಿಯ ಹಣೆ ಮುಟ್ಟಿದವಳಂತೆ ಕಲ್ಲನ್ನು ಒಂದು ಗಳಿಗೆ ಹಿಡಿದು, “ಹೇಳೋದೇನಿಲ್ಲ” ಎಂದು ಮುಂದೆ ಕೊಟ್ಟಳು.

ಹತ್ತೇ ನಿಮಿಷದಲ್ಲಿ ಕಲ್ಲು ಟೈಲರಕ್ಕನ ಕೈಯಲ್ಲಿತ್ತು, ಉಗುರುಬೆಚ್ಚಗೆ. ಮೂರು ವಾರದಿಂದ ಬಾಯಿಪಾಠ ಮಾಡಿದ್ದೆಲ್ಲ ಅವಳಿಗೆ ಮರೆತೇಹೋಯಿತು. ಭಯವಾಯಿತು. ಆದರೂ ತಂಗಿಯ ಮುಖವನ್ನೇ ನೋಡುತ್ತ ಶುರುಮಾಡಿದಳು.

“ತನ್ನ ಹೊಲಿಗೆ ಯಂತ್ರ ನಂಗೇ ಸೇರ್ಬೇಕು ಅಂತ ಸಾಯೋವಾಗ ಅಮ್ಮ ಹೇಳಿದ್ಲು ಅಂದೆನಲ್ಲ, ಅದು ಸುಳ್ಳು ಕಣೇ. ‘ಚಿಕ್ಕವಳಿಗೆ ಕೊಡು’ ಅಂದಿದ್ಲು. ನಿಂಗೆ ಹೊಲಿಗೆ ಬರಲ್ಲ, ನಿಂಗ್ಯಾಕೆ ಅಂತ ನಾನೇ ತೀರ್ಮಾನ ಮಾಡ್ದೆ. ನೀನು ಕೇಳ್ದಾಗ ನಿನ್ನನ್ನೇ ಆಸೆಬುರುಕಿ ಅಂದೆ. ತಪ್ಪು ನಂದು.”

ತಂಗಿ ಎದ್ದು ಬಂದು, ನಿಯಮ ಗಿಯಮ ನೋಡದೆ, ಅಕ್ಕನ ಕೈಯಿಂದ ಕಲ್ಲನ್ನು ತೆಗೆದುಕೊಂಡಳು.

“ಮೂವತ್ತು ವರ್ಷ ಜ್ವರ ನೋಡಿದ ಕೈ ಇದು. ಈ ಕಲ್ಲನ್ನ ಕಾಯಿಸಿದಾರೆ. ಚಿಕ್ಕಂದಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಅಂಗಿ ಗುಂಡಿ ತಾಗಿಸಿ ಬಿಸಿ ಮಾಡಿ, ನನ್ನ ಅಂಗೈಲಿ ಇಟ್ಟು ಓಡ್ತಿದ್ದವಳು ಇಲ್ಲಿ ಒಬ್ಳೇ ಇರೋದು.”

ಬೇಕರಿಯಾತನ ಮುಖ ಇಳಿದುಹೋಯಿತು. ಗಡಿಯಾರದವನ ಮುಖ ಅಷ್ಟೇ ಅರಳಿತು. ಮೇಷ್ಟ್ರು ಬಾಯಿ ತೆರೆದರು, ಕೈಯಲ್ಲಿ ಕಲ್ಲಿಲ್ಲದ್ದು ನೆನಪಾಗಿ ಮುಚ್ಚಿದರು.

“ಮಂಗಳವಾರ ಬೆಳಿಗ್ಗೆ ಸಾಮಾನಿನ ಲಾರಿ ಬರುತ್ತೆ,” ಎಂದಳು ತಂಗಿ. “ಯಂತ್ರ ತಂದು ಹತ್ತಿಸು.”

ಆರು ವರ್ಷ ಟೈಲರಕ್ಕನ ಅಂಗಡಿ ನಡೆದದ್ದು ಅದರ ಮೇಲೆಯೇ. ಆದರೂ ತಲೆಯಾಡಿಸಿದಳು. ಬಾಯಿ ಸುಮ್ಮನಿರಬೇಕಲ್ಲ, “ನಿಂಗೆ ಹೊಲಿಗೆ ಬರಲ್ವಲ್ಲೇ...” ಎಂದುಬಿಟ್ಟಳು.

“ಕಲ್ಲು ನನ್ನ ಕೈಲಿದೆ, ಬಾಯ್ಮುಚ್ಚು.” ತಂಗಿಯ ಕಣ್ಣಲ್ಲಿ ನೀರಿತ್ತು. “ಬರಲ್ಲ, ನಿಜ. ಅದಕ್ಕೇ ಯಂತ್ರದ ಜೊತೆ ನೀನೂ ಲಾರಿ ಹತ್ತು. ಕಲಿಸಿಕೊಟ್ಟು, ಆಮೇಲೆ ಬೇಕಾದ್ರೆ ಅದನ್ನ ವಾಪಸ್ ತಗೊಂಡ್ಹೋಗು.”