ವಯೋಲಾಳ ಮನೆಯ ಕಾವಲು

ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಇಪ್ಪತ್ತೆರಡು ಮನೆಗಳಿದ್ದವು. ಕಾರು ಕಾರ್ಖಾನೆ ಮುಚ್ಚಿದ ಮೇಲೆ ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿದರು. ಈಗ ಉಳಿದಿರುವುದು ಎರಡು, ನನ್ನದು ಮತ್ತು ಪಕ್ಕದ ವಯೋಲಾಳದು. ವಯೋಲಾ ಸತ್ತು ಮೂರು ವರ್ಷವಾಯಿತು. ಹಾಗಾಗಿ ಮನೆ ಎರಡಾದರೂ ಇರುವವಳು ನಾನೊಬ್ಬಳೇ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಬೆನ್ನ ಹಿಂದೆ ಐವತ್ತು ಮಕ್ಕಳು ಕಿರುಚುತ್ತಿದ್ದಾಗ 'ಬಾಯಿ ಮುಚ್ಕೊಂಡು ಕೂತ್ಕೊಳ್ರೋ' ಎಂದು ಗದರುತ್ತಿದ್ದೆ. ಈಗ ಬೆಳಗ್ಗೆ ಯಾರಾದರೂ ಬಾಗಿಲನ್ನು ದಡಾರನೆ ಹಾಕಿಕೊಂಡು ಕೆಲಸಕ್ಕೆ ಹೋಗುವ ಸದ್ದು ಕೇಳಿದರೆ ಸಾಕು ಎನ್ನಿಸುತ್ತದೆ. ನನಗೆ ಪಕ್ಕದ ಮನೆಯಲ್ಲಿ ಜನ ಬೇಕಾಗಿತ್ತು. ಬೇರೇನೂ ಅಲ್ಲ.

ಜನ ಬರಬೇಕಾದರೆ ಮೊದಲು ಮನೆ ಉಳಿಯಬೇಕಲ್ಲ. ನಮ್ಮ ಕಡೆ ಮನೆ ಖಾಲಿಯೆಂದು ಗೊತ್ತಾದರೆ ಮುಗಿಯಿತು. ಒಂದೇ ವಾರದಲ್ಲಿ ತಾಮ್ರದ ಪೈಪು, ವೈರು ಕಿತ್ತುಕೊಂಡು ಹೋಗುತ್ತಾರೆ, ಆಮೇಲೆ ಯಾವನೋ ಬೆಂಕಿ ಇಡುತ್ತಾನೆ. ಅದಕ್ಕೇ ಆ ಮನೆಯಲ್ಲಿ ಜನರಿರುವ ಹಾಗೆ ತೋರಿಸುವ ಬಿಟ್ಟಿ ಚಾಕರಿಗೆ ನಿಂತೆ. ಅದರ ಗಾಜಿನ ಜಗಲಿಗೆ ನನ್ನ ಪರದೆ ಕಟ್ಟಿದೆ. ನನ್ನ ಮನೆಯಿಂದ ವೈರು ಎಳೆದು ಅಲ್ಲೊಂದು ದೀಪ ಇಟ್ಟೆ. ಮಂಗಳವಾರ ಅದರ ಕಸದ ಡಬ್ಬಿಯನ್ನು ರಸ್ತೆಗೆ ತಂದಿಟ್ಟು, ಬುಧವಾರ ಒಳಗೆ ತಳ್ಳುತ್ತಿದ್ದೆ. ಹಿಮ ಬಿದ್ದಾಗ ಬಾಗಿಲವರೆಗೂ ಗೋರಿ, ಬೂಟಿನ ಗುರುತು ಮೂಡಲೆಂದು ಎರಡು ಸಲ ಓಡಾಡಿ ಬರುತ್ತಿದ್ದೆ. ಟಪಾಲು ರಾಶಿ ಬಿದ್ದರೆ ಗುಟ್ಟು ಬಯಲಾಗುತ್ತದೆಂದು ಅದನ್ನೂ ಎತ್ತಿಟ್ಟುಕೊಳ್ಳುತ್ತಿದ್ದೆ. ಒಂದನ್ನೂ ಒಡೆಯಲಿಲ್ಲ. ಬೇರೆಯವರ ಕಾಗದ ಒಡೆಯುವಷ್ಟು ಗತಿಗೆಟ್ಟಿರಲಿಲ್ಲ. ಜಗಲಿಯಿಂದ ಮನೆಯೊಳಗೆ ಹೋಗುವ ಬಾಗಿಲಿನ ಕೀಲಿ ಮಾತ್ರ ನನ್ನ ಬಳಿ ಇರಲಿಲ್ಲ.

ಮಾರ್ಚ್ ಕೊನೆಯಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಬಂದು ವಯೋಲಾಳ ಜಗಲಿಯ ಬಾಗಿಲು ತಟ್ಟತೊಡಗಿದ. ರಸ್ತೆಯಲ್ಲಿ ಅವನ ಗಾಡಿಯ ಹಿಂದೆ ಒಂದು ನೀಲಿ ಕಾರು ನಿಂತಿತ್ತು.

"ಎಷ್ಟು ಬಡಿದ್ರೂ ಅಷ್ಟೇ ಕಣಪ್ಪಾ, ಅಲ್ಲಿರೋದು ನನ್ನ ದೀಪ," ಎಂದೆ ನನ್ನ ಮೆಟ್ಟಿಲಿನಿಂದಲೇ.

"ಯಾರೋ ವಾಸ ಇದಾರಲ್ಲ ಇಲ್ಲಿ?"

"ಇದ್ದಿದ್ರೆ ನಾನ್ಯಾಕೆ ನಿನ್ನ ಮಾತಾಡಿಸ್ತಿದ್ದೆ?"

ಅವನು ನಕ್ಕ. ನಾನು ಅರ್ಲೀನ್ ಎಂದೆ. ಅವನ ಹೆಸರು ಪ್ರುಯಿಟ್, ಲ್ಯಾಂಡ್ ಬ್ಯಾಂಕಿನವನು. ಅದು ಸಾಲ ಕೊಡುವ ಬ್ಯಾಂಕಲ್ಲ. ವಾರಸುದಾರರು ತೆರಿಗೆ ಕಟ್ಟದೆ ಕೈಬಿಟ್ಟ ಮನೆಗಳನ್ನು ತನ್ನ ಹೆಸರಿಗೆ ಮಾಡಿಕೊಂಡು, ಗಟ್ಟಿ ಇದ್ದರೆ ವಾಸ ಮಾಡುವವರಿಗೆ ಮಾರುತ್ತದೆ, ಇಲ್ಲದಿದ್ದರೆ ಕೆಡವುತ್ತದೆ. ವಯೋಲಾಳ ಮನೆ ಕಳೆದ ಬೇಸಿಗೆಯಲ್ಲೇ ಅವರ ಕೈಗೆ ಬಂದಿತ್ತಂತೆ.

"ಕಾರಲ್ಲಿರೋರು ಡೆನೀಕಾ ಅಂತ, ಆಸ್ಪತ್ರೆ ನರ್ಸು," ಎಂದ. "ಜೊತೇಲಿ ಮಗಳು. ಈ ಮನೇನೇ ಬೇಕು ಅಂತ ಪಟ್ಟು ಹಿಡಿದಿದಾರೆ. ಇರೋರು ಬಿಟ್ಟುಕೊಡ್ತಾರಾ ಅಂತ ಕೇಳೋಕೆ ಬಂದೆ. ಯಾರೂ ಇಲ್ಲ ಅಂದ್ಮೇಲೆ, ಒಳಗೆ ಸರಿ ಇದ್ರೆ ಇವತ್ತೇ ಕಾಗದಕ್ಕೆ ಸಹಿ, ಮಿಸ್ ಅರ್ಲೀನ್."

ಸುಳ್ಳೇಕೆ ಹೇಳಲಿ, ಅವರಿಗೆ ಯಾವ ಹಣ್ಣು ತುಂಬಿದ ಪೈ ಮಾಡಿಕೊಡಲಿ ಎಂಬುದನ್ನೂ ಯೋಚಿಸಿಬಿಟ್ಟೆ.

ಪ್ರುಯಿಟ್ ಕೀಲಿ ತಿರುಗಿಸಿದ. ಬಾಗಿಲು ಅರ್ಧಕ್ಕೇ ನಿಂತಿತು, ಭುಜ ಕೊಟ್ಟು ತಳ್ಳಬೇಕಾಯಿತು. ಮೊದಲು ಬಂದದ್ದು ವಾಸನೆ. ಮೇಲಿನ ಚಾವಣಿ ವಯೋಲಾಳ ಸೋಫಾದ ಮೇಲೆ ಕುಸಿದಿತ್ತು. ನೆಲದ ಹಲಗೆಗಳು ಉಬ್ಬಿ ಎದ್ದಿದ್ದವು. ಗೋಡೆಗೆ ಎದೆಯೆತ್ತರದವರೆಗೂ ಕಪ್ಪು ಬೂಷ್ಟು. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು ಎನ್ನುತ್ತಾರಲ್ಲ, ಆ ಥಳಕು ಮಾಡಿದವಳು ನಾನೇ.

"ಚಳಿಗೆ ಪೈಪ್ ಒಡೆದಿದೆ," ಎಂದ ಪ್ರುಯಿಟ್. "ದಿನಗಟ್ಲೆ ಸುರಿದಿದೆ."

"ನೀರು ನಿಲ್ಲಿಸೋದು ನಿಮ್ಮ ಕೆಲಸ ಅಲ್ವೇನಯ್ಯಾ? ಮನೆ ನಿಮ್ಮದು ತಾನೇ?"

"ಖಾಲಿ ಮನೆ ಆದ್ರೆ ಚಳಿಗಾಲಕ್ಕೆ ಮುಂಚೆ ನೀರು ನಿಲ್ಲಿಸಿ ಪೈಪ್ ಬರಿದು ಮಾಡ್ತೀವಿ. ಇದ್ರಲ್ಲಿ ಜನ ಇದಾರೆ ಅಂತ ಬರ್ಕೊಂಡಿದ್ವಿ. ಜನ ಇರೋ ಮನೆ ನೀರು ಹೇಗೆ ನಿಲ್ಲಿಸೋದು? ನಾಲ್ಕು ಕಾಗದ ಹಾಕಿದ್ವಿ, ಮಿಸ್ ಅರ್ಲೀನ್. ಯಾರಿದೀರಿ ತಿಳಿಸಿ ಅಂತ. ಒಂದೂ ವಾಪಸ್ ಬರ್ಲಿಲ್ಲ."

ನಾನು ಮನೆಗೆ ಹೋಗಿ ಮೇಜಿನ ಖಾನೆಯಿಂದ ಟಪಾಲಿನ ಕಟ್ಟು ತಂದೆ. ಅದರಲ್ಲಿ ನಾಲ್ಕು ಲಕೋಟೆಗಳು ಅವನವೇ, 'ಈ ಮನೆಯ ನಿವಾಸಿಗೆ' ಎಂದು ಬರೆದಿದ್ದವು. ಅವನು ತೆಗೆದುಕೊಂಡು ಸುಮ್ಮನೆ ಜೇಬಿಗೆ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು.

"ಉಳಿಸೋಕೆ ಆಗಲ್ಲ, ಕೆಡವಬೇಕು," ಎಂದ. "ಜಾಗ ಪಕ್ಕದವ್ರಿಗೆ ಕಡಿಮೆಗೇ ಕೊಡ್ತೀವಿ. ನೀವೇ ತಗೊಳ್ಳಿ, ತರಕಾರಿ ಹಾಕ್ಬಹುದು."

"ತರಕಾರಿ ಮಾತಾಡುತ್ತೇನೋ?"

ಅವನು ಫಾರಂ ತುಂಬತೊಡಗಿದ. ತಲೆಯೆತ್ತದೆ ಕೇಳಿದ. "ದಿನಾ ಈ ಜಗಲಿಗೆ ಬರ್ತಿದ್ರಲ್ಲ. ನೀರಿನ ಸದ್ದು ಕೇಳಿಸ್ಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಅವನು ನಂಬುತ್ತಿದ್ದ.

"ಕೇಳಿಸ್ತು," ಎಂದೆ. "ಜನವರೀಲಿ, ಒಂಬತ್ತು ದಿನ."

"ಯಾರಿಗೂ ಹೇಳ್ಲಿಲ್ವಾ?"

"ಸೂರಿನ ಹಿಮ ಕರಗ್ತಿದೆ ಅಂದ್ಕೊಂಡೆ ಮೊದಲು. ಅಲ್ಲ ಅಂತ ಎರಡನೇ ದಿನಕ್ಕೇ ಗೊತ್ತಾಯ್ತು. ಹೇಳಿದ್ರೆ ಮನೆ ಖಾಲಿ ಅಂತ ಬರ್ಕೊಂಡು ಕೆಡವ್ತೀರಿ ಅನ್ನೋ ಭಯ." ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಅದು ಅರ್ಧ ಸತ್ಯ. "ವಯೋಲಾ ಪಾತ್ರೆ ತೊಳೆಯೋ ಹಾಗಿತ್ತಪ್ಪಾ ಆ ಸದ್ದು. ಮನೇಲಿ ಯಾರೋ ಇದಾರೆ ಅನ್ನಿಸ್ತಿತ್ತು. ಸಾಯಂಕಾಲ ಕುರ್ಚಿ ಹಾಕ್ಕೊಂಡು ಕೂತ್ಕೊಂಡು ಕೇಳ್ತಿದ್ದೆ."

ಅವನ ಪೆನ್ನು ನಿಂತಿತು. ನೀಲಿ ಕಾರಿನ ಕಡೆ ನೋಡಿ, "ಅವ್ರಿಗೆ ಹೇಳ್ಬೇಕಲ್ಲ," ಎಂದ.

"ನಾನೇ ಹೇಳ್ತೀನಿ ಬಿಡು."

ಡೆನೀಕಾ ಕಾರಿನ ಗಾಜು ಇಳಿಸಿದಳು. ಮೂವತ್ತು ದಾಟಿರಲಿಕ್ಕಿಲ್ಲ. ಹಿಂದಿನ ಸೀಟಿನಲ್ಲಿ ಹುಡುಗಿ ಕಿತ್ತಳೆ ಸುಲಿಯುತ್ತಿದ್ದಳು. ನಾನು ಸುತ್ತಿ ಬಳಸಿ ಹೇಳಲಿಲ್ಲ. "ಮನೆ ಒಳಗೆ ಪೂರ್ತಿ ಹೋಗಿದೆ ಮಗಳೇ. ಹಾಳು ಮಾಡಿದ್ದು ನಾನೇ," ಎಂದು ನೀರಿನ ವಿಷಯವನ್ನೂ ಹೇಳಿದೆ.

ಅವಳು ವಯೋಲಾಳ ಮನೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಹಿಮ ಬೀಳೋ ಕಾಲದಲ್ಲಿ ಎರಡು ಸಲ ಬಂದು ನೋಡ್ಕೊಂಡು ಹೋಗಿದ್ದೆ," ಎಂದಳು. "ಎರಡು ಸಲಾನೂ ನೀವು ಈ ಮನೆ ಮುಂದೆ ಹಿಮ ಗೋರ್ತಾ ಇದ್ರಿ. ಇದಕ್ಕಿಂತ ಒಳ್ಳೆ ಮನೆಗಳು ಪಟ್ಟಿಲಿದ್ವು. ನಾನು ರಾತ್ರಿ ಪಾಳಿಗೆ ಹೋಗ್ಬೇಕು, ಇವಳಿಗೆ ಪಕ್ಕದಲ್ಲಿ ಇಂಥೋರೊಬ್ರು ಇದ್ರೆ ಸಾಕು ಅಂತ ಇದನ್ನೇ ಕೇಳಿದ್ದೆ."

ಅವಳು ಕಾರು ತಿರುಗಿಸುವಾಗ ಹುಡುಗಿ ನನಗೆ ಕೈ ಬೀಸಿದಳು. ನಾನೂ ಬೀಸಿದೆ. ಕಾರು ಬೀದಿಯ ತಿರುವು ದಾಟಿದ ಮೇಲೆ, ಮಗುವಿನ ಹೆಸರು ಕೇಳಲಿಲ್ಲವೆಂಬುದು ನೆನಪಾಯಿತು.